ಸುಮೋ ನೋಡಲು ಹೋದ ಅಪ್ಪನ ಮಂಡಿಗಳು

ನಮ್ಮ ಅಡುಗೆಮನೆಯಲ್ಲಿ ಫ್ರಿಜ್ಜಿಗೂ ಕಿಟಕಿಗೂ ನಡುವಿನ ಗೋಡೆಗೆ ಒಂದು ಕಾಗದ ಅಂಟಿಸಿದೆ. ಅದರ ತುಂಬ ಕಪ್ಪು ಮಸಿಯ ಜಪಾನಿ ಅಕ್ಷರಗಳು. ಮೇಲಿನ ಸಾಲಿನಲ್ಲಿ ಬೆರಳಷ್ಟು ದಪ್ಪ. ಕೆಳಗಿಳಿಯುತ್ತಾ ಇಳಿಯುತ್ತಾ ಸಣ್ಣಗಾಗಿ, ಕೊನೆಯ ಸಾಲಿಗೆ ಬರುವಷ್ಟರಲ್ಲಿ ಅದು ಅಕ್ಷರವೋ ಒಗ್ಗರಣೆಯಿಂದ ಸಿಡಿದ ಸಾಸಿವೆಯೋ ತಿಳಿಯುವುದಿಲ್ಲ. ಸಿಲಿಂಡರ್ ತರುವವರು ಅದನ್ನು ಜಪಾನಿನ ಪಂಚಾಂಗ ಎಂದು ಭಾವಿಸಿ, ಅಲ್ಲಿಯೂ ರಾಹುಕಾಲ ಇದೆಯೇ ಎಂದು ವಿಚಾರಿಸಿದ್ದರು. ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಗದಗಿನ ಬಸವರಾಜ ಒಂದು ದಿನ ಹೆಪ್ಪಿಗೆ ಮೊಸರು ಕೇಳಲು ಬಂದವನು ಲೋಟ ಹಿಡಿದುಕೊಂಡೇ ಬಹಳ ಹೊತ್ತು ಅದನ್ನು ನೋಡಿ, "ಸರ, ಇರುವಿ ಸಾಲು ಹಿಡದು ಗ್ವಾಡಿಗೆ ಅಂಟಿಸೀರೇನ್ರಿ?" ಎಂದ.

ಅದು ನಾವು ಜಪಾನಿನಿಂದ ತಂದ, ಅಲ್ಲಿಯ ಸುಮೋ ಕುಸ್ತಿ ಪೈಲ್ವಾನರ ಹೆಸರಿನ ಪಟ್ಟಿ. ಪ್ರತಿ ಪಂದ್ಯಾವಳಿಗೆ ಮುಂಚೆ ಹೊಸದಾಗಿ ಅಚ್ಚಾಗುತ್ತದೆ. ದೊಡ್ಡ ಪೈಲ್ವಾನನಿಗೆ ದೊಡ್ಡ ಅಕ್ಷರ, ಸಣ್ಣವನಿಗೆ ಸಣ್ಣ ಅಕ್ಷರ. ಮೇಲಿನ ದರ್ಜೆಯವರಿಗೆ ಹದಿನೈದು ದಿನ, ದಿನಕ್ಕೊಂದು ಕುಸ್ತಿ. ಗೆಲುವು ಹೆಚ್ಚಾದರೆ ಮುಂದಿನ ಪಟ್ಟಿಯಲ್ಲಿ ಹೆಸರು ಮೇಲೇರಿ ಮೈ ತುಂಬಿಕೊಳ್ಳುತ್ತದೆ, ಸೋಲು ಹೆಚ್ಚಾದರೆ ಇಳಿದು ಬಡಕಲಾಗುತ್ತದೆ. ಎಷ್ಟು ನೇರವಾದ ವ್ಯವಸ್ಥೆ ನೋಡಿ. ನಮ್ಮ ಬಂಧುಗಳ ಮದುವೆ ಕಾರ್ಡುಗಳಲ್ಲಿ 'ಸುಖಾಗಮನ ಬಯಸುವವರು' ಎಂಬ ಪಟ್ಟಿಯೊಂದಿರುತ್ತದಲ್ಲ, ಅದರಲ್ಲಿ ನನ್ನ ಹೆಸರು ಮೂವತ್ತು ವರ್ಷಗಳಿಂದಲೂ 'ಮತ್ತು ಬಂಧುಮಿತ್ರರು' ಎಂಬುದಕ್ಕೆ ತಾಗಿಕೊಂಡೇ ಇದೆ. ಮೇಲಕ್ಕೂ ಹೋಗಿಲ್ಲ, ಕೆಳಕ್ಕಂತೂ ಜಾಗವಿಲ್ಲ. ನಮ್ಮಪ್ಪನ ಹೆಸರು ಮಾತ್ರ ಎಲ್ಲರ ಕಾರ್ಡಿನಲ್ಲೂ ಮೇಲೆಯೇ, ದಪ್ಪಕ್ಷರದಲ್ಲಿ: ಪೈಲ್ವಾನ್ ಚಿಕ್ಕವೆಂಕಟಪ್ಪ, ಸಾರಕ್ಕಿ.

ಈಗಿನವರಿಗೆ ಸಾರಕ್ಕಿ ಎಂದರೆ ಮಾರ್ಕೆಟ್ಟು, ಇಲ್ಲವೇ ಜಂಕ್ಷನ್ನಿನಲ್ಲಿ ನಿಂತ ಬಸ್ಸಿನೊಳಗೆ ಕಳೆದ ಅರ್ಧ ಆಯುಷ್ಯ. ನಮಗೆ ಅದು ಊರು. ಹಳೆಯ ಊರಿನ ನಡುವೆ, ಮೊಬೈಲ್ ಅಂಗಡಿಗೂ ಹಿಟ್ಟಿನ ಗಿರಣಿಗೂ ಮಧ್ಯೆ ಈಗಲೂ ಒಂದು ಗರಡಿಮನೆ ಇದೆ. ಅದರ ಬಾಗಿಲು ಎಷ್ಟು ಗಿಡ್ಡವೆಂದರೆ ಎಂಥ ಪೈಲ್ವಾನನಾದರೂ ತಲೆ ತಗ್ಗಿಸಿಯೇ ಒಳಗೆ ಹೋಗಬೇಕು. ನಾನೂ ಒಂಬತ್ತನೆಯ ವಯಸ್ಸಿನಲ್ಲಿ ಆ ಬಾಗಿಲು ದಾಟಿದವನೇ. ಅರಿಸಿನ, ತುಪ್ಪ, ಬೇವಿನ ಪುಡಿ ಬೆರೆಸಿದ ಕೆಂಪು ಮಣ್ಣು ಅಂಗಾಲಿಗೆ ತಣ್ಣಗೆ ತಾಗುತ್ತಿತ್ತು. ಉಳಿದ ಹುಡುಗರು ಪಟ್ಟುಗಳನ್ನು ಕಲಿಯುತ್ತಿದ್ದರೆ, ಮಣ್ಣು ಕಿವಿಯೊಳಗೆ ಹೋದರೆ ಅದು ಅಲ್ಲಿಂದ ಮೆದುಳಿಗೆ ಹೋಗುತ್ತದೆಯೇ ಎಂಬುದು ನನ್ನ ಚಿಂತೆ. ನನ್ನ ಮೊದಲ ಕುಸ್ತಿ ಟೈಲರ್ ರಾಮಣ್ಣನ ಮಗನ ಮೇಲೆ. ಅವನು ತೊಡೆ ತಟ್ಟಿ ಹತ್ತಿರ ಬರುತ್ತಿದ್ದಂತೆ ನಾನೇ ಜಾಗ ನೋಡಿಕೊಂಡು ಬೆನ್ನಿನ ಮೇಲೆ ಮಲಗಿಬಿಟ್ಟೆ. ಹೇಗೂ ಬೀಳುವುದು ಖಂಡಿತವಾದ ಮೇಲೆ ಮೂಳೆ ಉಳಿಸಿಕೊಂಡು ಬೀಳುವುದು ಒಳ್ಳೆಯದಲ್ಲವೇ? ಅಪ್ಪ ಬೈಯಲಿಲ್ಲ. ಸಂಜೆ ಅಮ್ಮನಿಗೆ, ಇವನನ್ನು ಇನ್ನು ಚೆನ್ನಾಗಿ ಓದಿಸೋಣ ಎಂದರಂತೆ, ಅಷ್ಟೆ.

ಓದಿ ವಿಮಾ ಕಚೇರಿ ಸೇರಿದೆ. ಇನ್ನೂ ಆಗದ ಅನಾಹುತಗಳನ್ನು ಕುಳಿತು ಯೋಚಿಸುವುದಕ್ಕೆ ಸಂಬಳ ಕೊಡುವ ಇನ್ನೊಂದು ಜಾಗ ನನಗೆ ಗೊತ್ತಿಲ್ಲ.

ಅನಾಹುತಗಳಲ್ಲಿ ಕಳೆದ ನಾಲ್ಕು ವರ್ಷದಿಂದ ಮೊದಲ ಸ್ಥಾನದಲ್ಲಿದ್ದದ್ದು ಅಪ್ಪನ ಮಂಡಿ. ಎಪ್ಪತ್ತನಾಲ್ಕು ವರ್ಷದ ಮಂಡಿ. ಒಂದು ಕಾಲಕ್ಕೆ ದಿನಕ್ಕೆ ಸಾವಿರ ಬಸ್ಕಿ ಹೊಡೆದದ್ದು. ಅಪ್ಪ ನೋವೆಂದು ಬಾಯಿಬಿಟ್ಟು ಹೇಳಿದವರಲ್ಲ. ಮದುವೆ ಊಟಕ್ಕೆ ಕೂತರೆ ಪಂಕ್ತಿಯೆಲ್ಲ ಎದ್ದು ಹೋದರೂ ಕೈ ಒಣಗಿಸಿಕೊಂಡು ಕೂತಿರುತ್ತಿದ್ದರು. ಅವರು ಏಳುವುದನ್ನು ಯಾರೂ ನೋಡಬಾರದು. ಕೈ ಕೊಡಲು ಹೋದರೆ ಕಣ್ಣಿನಲ್ಲೇ ದೂರ ನಿಲ್ಲಿಸುತ್ತಿದ್ದರು.

ಕೊನೆಗೊಂದು ದಿನ ಜಯನಗರದ ಮೂಳೆ ಡಾಕ್ಟರ ಬಳಿ ಹೇಗೋ ಕರೆದೊಯ್ದೆ. ಆಕೆ ಎಕ್ಸ್‌ರೇ ನೋಡಿ, ಎರಡೂ ಮಂಡಿ ಸವೆದುಹೋಗಿದೆ, ಬದಲಾಯಿಸುವುದೇ ದಾರಿ, ಆಮೇಲೆ ಆರಾಮಾಗಿ ನಡೆಯಬಹುದು, ಮೆಟ್ಟಿಲು ಹತ್ತಬಹುದು, ನೆಲಕ್ಕೆ ಮಂಡಿ ಊರುವುದನ್ನು ಮಾತ್ರ ಬಿಡಬೇಕಾಗುತ್ತದೆ ಎಂದರು. ನಾನು ಜೇಬಿನಿಂದ ಚೀಟಿ ತೆಗೆದು, ಬರೆದುಕೊಂಡು ಹೋಗಿದ್ದ ನಲವತ್ತು ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದೆ. ಆಪರೇಷನ್ ನಡುವೆ ಕರೆಂಟು ಹೋದರೆ ಎಂಬುದೂ ಅದರಲ್ಲಿತ್ತು. ಅಪ್ಪ ಒಂದೂ ಕೇಳಲಿಲ್ಲ. ಹೊರಗೆ ಕಾಯುವ ಕೋಣೆಯ ಟಿವಿಯಲ್ಲಿ, ಸದ್ದಿಲ್ಲದೆ, ಇಬ್ಬರು ಬೆಟ್ಟದಂಥ ಮನುಷ್ಯರು ಒಬ್ಬರನ್ನೊಬ್ಬರು ತಳ್ಳುತ್ತಿದ್ದರು. ಅಪ್ಪ ತೆರೆದ ಬಾಗಿಲಿನಿಂದ ಅದನ್ನೇ ನೋಡುತ್ತಿದ್ದರು.

ವಾಪಸ್ಸು ಬರುವಾಗ ಆಟೋ ಸಾರಕ್ಕಿ ಸಿಗ್ನಲ್ಲಿನಲ್ಲಿ ನಿಂತಿತು. ಆ ಕುಸ್ತಿ ಎಲ್ಲಿ ನಡೆಯುವುದು ಎಂದು ಕೇಳಿದರು. ಜಪಾನ್ ಎಂದೆ. ನೋಡಬೇಕಲ್ಲ ಎಂದರು. ನನ್ನೊಳಗಿನ ಗುಮಾಸ್ತ ಕೂಡಲೇ ಎಚ್ಚೆತ್ತ.

"ಕರ್ಕೊಂಡು ಹೋಗ್ತೀನಪ್ಪ. ನೋಡ್ಕೊಂಡು ಬಂದು ಆಪರೇಷನ್ ಮಾಡಿಸ್ಕೋತೀಯಾ?"

"ಮೊದ್ಲು ನೋಡಣ."

ಇಂಥ ಮಾತಿನ ಮೇಲೆ ನಮ್ಮ ಕಚೇರಿಯಲ್ಲಿ ಯಾರೂ ಪಾಲಿಸಿ ಕೊಡುವುದಿಲ್ಲ. ನಾನು ಕೊಟ್ಟೆ.

ನನ್ನ ಹೆಂಡತಿ ಶೈಲಜಾ ಗಣಿತದ ಟೀಚರು. ನಾನು ಚಿಂತಿಸುವ ಹೊತ್ತಿನಲ್ಲಿ ಅವಳು ಕೆಲಸ ಮುಗಿಸಿರುತ್ತಾಳೆ. ಬನಶಂಕರಿಯಲ್ಲಿ ಅಡುಗೆಯವರನ್ನೂ ಜೊತೆಗೇ ಕರೆದೊಯ್ಯುವ ಪ್ರವಾಸದವರನ್ನು ಹುಡುಕಿ, ಮೇ ತಿಂಗಳ ರಜೆಗೆ ನಮ್ಮ ಮೂವರ ಹೆಸರು ಬರೆಸಿದಳು. ಇಡೀ ತಂಡ ಟೋಕಿಯೋದಲ್ಲಿ ಶಾಪಿಂಗಿಗೆ ಹೋಗುವ ದಿನ ನಾವು ಮೂವರು ಸುಮೋಗೆ. ಟಿಕೆಟ್ ಕೊಳ್ಳುವ ಒಂದೇ ಒಂದು ಕೆಲಸ ನನಗೆ ಬಿಟ್ಟಳು.

ಟಿಕೆಟ್ ಮಾರಾಟ ನಮ್ಮ ಲೆಕ್ಕದಲ್ಲಿ ಬೆಳಗ್ಗೆ ಆರೂವರೆಗೆ ಶುರು. ಸ್ನಾನ ಮಾಡಿ ಕಂಪ್ಯೂಟರಿನ ಮುಂದೆ ಕೂತೆ. ಕುರ್ಚಿಯ ಸೀಟುಗಳು ಬೇಕಾದಷ್ಟಿದ್ದವು. ಯಾವುದು ಶೌಚಾಲಯಕ್ಕೆ ಹತ್ತಿರ, ಯಾವುದು ಬೆಂಕಿ ಬಿದ್ದರೆ ಓಡುವ ಬಾಗಿಲಿಗೆ ಹತ್ತಿರ, ಎರಡಕ್ಕೂ ಸಮದೂರದಲ್ಲಿರುವುದು ಯಾವುದು ಎಂದು ನಾನು ಲೆಕ್ಕ ಹಾಕಿ ಮುಗಿಸುವಷ್ಟರಲ್ಲಿ ಕುರ್ಚಿಗಳೆಲ್ಲ ಮಾರಾಟವಾಗಿ ಹೋಗಿದ್ದವು. ಉಳಿದದ್ದು ನೆಲದ ಮೇಲೆ ದಿಂಬು ಹಾಕಿಕೊಂಡು ಕೂರುವ ಚೌಕಗಳು. ಅಪ್ಪನಿಗೆ ಕುರ್ಚಿ ಸಿಗಬೇಕೆಂದು ತಿಂಗಳಿಂದ ನಿದ್ದೆಗೆಟ್ಟವನೂ ನಾನೇ, ಕುರ್ಚಿ ಕಳೆದವನೂ ನಾನೇ. ಶೈಲಜಾ ಸ್ಕೂಲಿಗೆ ಹೊರಟಿದ್ದವಳು ಬಾಗಿಲಲ್ಲೇ ನಿಂತು, "ರೀ, ಬೆಂಕಿ ಬಿದ್ದಿದ್ರೆ ನೀವು ಯಾವ ಬಾಗಿಲು ಅಂತ ಯೋಚ್ನೆ ಮಾಡ್ತಾ ಒಳಗೇ ಇರ್ತಿದ್ರಿ" ಎಂದು ಹೋದಳು.

ಹೀಗೆ ನಾವು ಟೋಕಿಯೋದ ಸುಮೋ ಭವನಕ್ಕೆ ಹೋದೆವು. ನನ್ನ ಬ್ಯಾಗಿನಲ್ಲಿ ಮಂಡಿಪಟ್ಟಿ, ನೋವಿನ ಸ್ಪ್ರೇ, ಮಡಿಸುವ ಒಂದು ಸ್ಟೂಲು. ಸ್ಟೂಲನ್ನು ಬಾಗಿಲಲ್ಲೇ ನಯವಾಗಿ ತೆಗೆದಿಟ್ಟುಕೊಂಡರು, ಹಿಂದಿನವರಿಗೆ ಅಡ್ಡವಾಗುತ್ತದಂತೆ. ಒಳಗೆ ಕಾಲಿಟ್ಟರೆ ಸಿಹಿಯಾದ ಒಂದು ಎಣ್ಣೆಯ ಪರಿಮಳ. ಪೈಲ್ವಾನರು ಜುಟ್ಟಿಗೆ ಹಚ್ಚುವ ಎಣ್ಣೆಯಂತೆ. ಅಪ್ಪ ಬಾಗಿಲಲ್ಲೇ ನಿಂತು ಎರಡು ಸಲ ಮೂಗೆಳೆದುಕೊಂಡರು. ನಡುವೆ ಮೊಣಕಾಲಿಗಿಂತ ಸ್ವಲ್ಪ ಎತ್ತರಕ್ಕೆ ಮಣ್ಣಿನ ಚೌಕ ಜಗಲಿ, ಅದರ ಮೇಲೆ ಹುಲ್ಲಿನ ಹಗ್ಗ ಹೂತ ಒಂದು ವೃತ್ತ, ಮೇಲೆ ದೇವಸ್ಥಾನದಂಥ ಒಂದು ಚಾವಣಿ ತೂಗುತ್ತಿತ್ತು. ದೊಡ್ಡವರ ಕುಸ್ತಿ ಸಂಜೆಗೆ. ಮಧ್ಯಾಹ್ನದ ಆ ಹೊತ್ತಿನಲ್ಲಿ ಪಟ್ಟಿಯ ಕೆಳಸಾಲಿನವರು, ಸಾಸಿವೆಯಕ್ಷರದವರು, ಖಾಲಿ ಸೀಟುಗಳ ಮುಂದೆ ಕಾದಾಡುತ್ತಿದ್ದರು.

ನಾನು ನಮ್ಮ ಚೌಕದ ಸಂಖ್ಯೆ ಹುಡುಕುತ್ತಿದ್ದೆ. ತಿರುಗಿ ನೋಡಿದರೆ ಪಕ್ಕದಲ್ಲಿ ಅಪ್ಪ ಇಲ್ಲ. ಅವರು ಕಾಲು ಎಳೆದುಕೊಂಡು ಮೆಟ್ಟಿಲಿಳಿದು ನೇರವಾಗಿ ಮಣ್ಣಿನ ಕಡೆಗೇ ಹೋಗುತ್ತಿದ್ದರು. ನನಗೆ ಅರ್ಥವಾಯಿತು. ನಮ್ಮಲ್ಲಿ ಅಖಾಡ ಕಂಡ ಪೈಲ್ವಾನ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳದೆ ಕೂರುವುದಿಲ್ಲ. ಇಲ್ಲಿಯದು ಪೂಜೆಯಾದ ಮಣ್ಣು, ಕಾದಾಡುವವರನ್ನೂ ತೀರ್ಪು ಹೇಳುವವರನ್ನೂ ಬಿಟ್ಟು ಯಾರೂ ಮುಟ್ಟುವಂತಿಲ್ಲ ಎಂದು ನಾನು ಓದಿಕೊಂಡಿದ್ದೆ. ಅಪ್ಪನಿಗೆ ಹೇಳುವುದನ್ನು ಮರೆತಿದ್ದೆ. ಒಂದು ಕ್ಷಣದಲ್ಲಿ ಬಂಧನ, ಗಡೀಪಾರು, ಬನಶಂಕರಿಯ ಪ್ರವಾಸದವರ ಮುಖ ಎಲ್ಲವೂ ಕಣ್ಣ ಮುಂದೆ ಬಂದವು.

ನೀಲಿ ಜಾಕೆಟ್ಟಿನ ಒಬ್ಬ ಭಾರಿ ಆಳು ಅಡ್ಡ ಬಂದ. ಹಳೆಯ ಸುಮೋ ಪೈಲ್ವಾನರೇ ನಿವೃತ್ತರಾದ ಮೇಲೆ ಅಲ್ಲಿ ಕಾವಲಿಗೆ ನಿಲ್ಲುತ್ತಾರಂತೆ. ಎರಡು ಮುಂಗೈಗಳನ್ನು ಕತ್ತರಿಯಂತೆ ಎದೆಯ ಮುಂದೆ ಹಿಡಿದು, ಆಗದು ಎಂದು ತೋರಿಸಿದ. ಅಪ್ಪನಿಗೆ ಜಪಾನಿ ಬಾರದು, ಆತನಿಗೆ ಕನ್ನಡ ಬಾರದು. ಅಪ್ಪ ಸುಮ್ಮನೆ ತಲೆ ಓರೆ ಮಾಡಿ ತಮ್ಮ ಎಡಗಿವಿ ತೋರಿಸಿದರು. ಹತ್ತಾರು ವರ್ಷ ಮಣ್ಣಿನಲ್ಲಿ ಉಜ್ಜಿ ಮುದುಡಿ ಒಣ ಅಂಜೂರದಂತಾದ ಕಿವಿ ಅದು. ಆತ ನೋಡಿದ. ಆಮೇಲೆ ತನ್ನ ಬಲಗಿವಿಯ ಮೇಲಿನ ಕೂದಲು ಸರಿಸಿದ. ಅಲ್ಲೂ ಒಂದು ಅಂಜೂರ.

ಹಾಗೆಂದು ಮಣ್ಣು ಮುಟ್ಟಲು ಬಿಟ್ಟ ಎಂದುಕೊಳ್ಳಬೇಡಿ. ಬಿಡಲಿಲ್ಲ. ಆದರೆ ಸೊಂಟದಿಂದ ಬಾಗಿ ವಂದಿಸಿದ. ಅಪ್ಪ ನಿಂತಲ್ಲಿಂದಲೇ ಮಣ್ಣಿಗೆ ಕೈಮುಗಿದು ವಾಪಸ್ಸು ಬಂದರು. 

ನಮ್ಮ ಚೌಕ ಎಂದರೆ ನಾಲ್ಕು ದಿಂಬು, ಸುತ್ತ ಮೊಣಕಾಲೆತ್ತರದ ಕಬ್ಬಿಣದ ಪೈಪು, ಅಷ್ಟೆ. ಚಪ್ಪಲಿ ಕಳಚಿ ಕೂರಬೇಕು. ಅಪ್ಪ ಪೈಪು ಹಿಡಿದು, ಹಲ್ಲು ಕಚ್ಚಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಇಳಿದರು. ನಾನು ನೋಡುತ್ತಿಲ್ಲವೆಂದು ತೋರಿಸಲು ಚಾವಣಿ ನೋಡಿದೆ. ನಾಲ್ಕನೆಯ ದಿಂಬಿನ ಮೇಲೆ ಅವರ ಎಡಗಾಲು ಚಾಚಿಕೊಂಡಿತು.

ಸಂಜೆಗೆ ಭವನ ತುಂಬಿತು. ಪೈಲ್ವಾನರು ಉಪ್ಪು ಎರಚುತ್ತಾರೆ, ಕುಕ್ಕರಗಾಲಿನಲ್ಲಿ ಕೂತು ದುರುಗುಟ್ಟುತ್ತಾರೆ, ಎದ್ದು ಹೋಗಿ ಮುಖ ಒರೆಸಿಕೊಂಡು ಮತ್ತೆ ಉಪ್ಪು ಎರಚುತ್ತಾರೆ. ಉಪ್ಪಿನಿಂದ ದೃಷ್ಟಿ ತೆಗೆಯುವುದು ಇವರಿಗೂ ಗೊತ್ತಿದೆ ಎಂದು ಅಪ್ಪನಿಗೆ ಸಮಾಧಾನ. ಆದರೆ ನಾಲ್ಕು ನಿಮಿಷ ಹೀಗೆ ಸಿದ್ಧತೆ ಮಾಡಿ ಕುಸ್ತಿ ನಾಲ್ಕು ಸೆಕೆಂಡಿಗೆ ಮುಗಿದರೆ ಅವರಿಗೆ ತಡೆಯದು. ಗೆರೆಯ ಹೊರಗೆ ಕಾಲಿಟ್ಟರೂ ಸೋಲು, ಒಳಗೇ ಅಂಗೈ ನೆಲಕ್ಕೆ ತಾಗಿದರೂ ಸೋಲು ಎಂದು ನಾನು ವಿವರಿಸಿದಾಗ, ನನ್ನನ್ನೇ ಆ ನಿಯಮ ಮಾಡಿದವನಂತೆ ನೋಡಿದರು.

"ಕೈ ತಾಗಿದ್ರೆ ಸೋಲೇನೋ? ಬೆನ್ನು ಇನ್ನೂ ಮೇಲೇ ಐತಲ್ಲೋ. ಚಿತ್ ಆಗದೆ ಸೋಲು ಹೆಂಗಾಯ್ತದೆ?"

"ಇಲ್ಲಿ ಹಂಗೇ ಅಪ್ಪ."

"ಮಾವ, ಇವ್ರಿಗೆ ಯಾಕೆ ಕೇಳ್ತೀರಿ? ಇವ್ರು ಮುಟ್ಟೋಕೆ ಮುಂಚೆನೇ ಚಿತ್ ಆದವ್ರು" ಎಂದಳು ಶೈಲಜಾ. ಆ ಕತೆಯನ್ನು ಮದುವೆಯಾದ ಹೊಸದರಲ್ಲಿ ಅವಳಿಗೆ ಹೇಳಿದ್ದು ನನ್ನ ಜೀವನದ ತಪ್ಪುಗಳಲ್ಲೊಂದು. ಅಪ್ಪ ನಕ್ಕರು. ಬಹಳ ದಿನದ ಮೇಲೆ ನಕ್ಕಿದ್ದರು. ಇದೇ ಸಮಯವೆಂದು ನಾನು, ಊರಿಗೆ ಹೋದ ಮೇಲೆ ಡಾಕ್ಟರ ಬಳಿ ದಿನ ಗೊತ್ತು ಮಾಡಲೇ ಎಂದು ಕೇಳಿದೆ.

ನಗು ನಿಂತಿತು. ಎರಡು ಕುಸ್ತಿ ಮುಗಿದವು. ಆಮೇಲೆ ನನ್ನನ್ನು ನೋಡದೆ ಕೇಳಿದರು: "ಶನಿವಾರ ಮಣ್ಣು ಯಾರೋ ಎತ್ತೋದು?"

ನಮ್ಮ ಗರಡಿಯಲ್ಲಿ ಪ್ರತಿ ಶನಿವಾರ ಬೆಳಗ್ಗೆ ಹನುಮಂತನಿಗೆ ದೀಪ ಹಚ್ಚಿದ ಮೇಲೆ ಹಿರಿಯ ಪೈಲ್ವಾನ ಅಖಾಡಕ್ಕಿಳಿದು, ಎರಡೂ ಮಂಡಿ ಊರಿ, ಮೊದಲ ಬೊಗಸೆ ಮಣ್ಣೆತ್ತಿ ಕಣ್ಣಿಗೆ ಒತ್ತಿಕೊಳ್ಳಬೇಕು. ಅಲ್ಲಿಯವರೆಗೆ ಬೇರೆ ಯಾರೂ ಇಳಿಯುವಂತಿಲ್ಲ. ಗರಡಿಯ ಗುರು ಉಸ್ತಾದರು ತೀರಿಹೋದಾಗಿನಿಂದ ಇಪ್ಪತ್ತು ವರ್ಷ ಅದು ಅಪ್ಪನ ಕೆಲಸ. ಈಗ ಬರುವವರು ಏಳೆಂಟು ಜನ, ಅದರಲ್ಲಿ ಇಬ್ಬರು ಜಿಮ್ಮಿಗೆ ಹೋಗುವ ಮುಂಚೆ ಮೈ ಬಿಸಿ ಮಾಡಿಕೊಳ್ಳಲು ಬರುವವರು. ಆದರೂ ಶನಿವಾರ ಶನಿವಾರವೇ.

ಅಪ್ಪ ಮೆಲ್ಲಗೆ, ಸುತ್ತಲಿನ ಜಪಾನೀಯರಿಗೆ ಕನ್ನಡ ಬರುತ್ತದೇನೋ ಎಂಬಷ್ಟು ಮೆಲ್ಲಗೆ ಹೇಳಿದರು. ನಾಲ್ಕು ವರ್ಷದಿಂದ ಶನಿವಾರ ಎಲ್ಲರಿಗಿಂತ ಒಂದು ಗಂಟೆ ಮುಂಚೆ ಹೋಗುತ್ತಿದ್ದಾರೆ. ಒಳಗಿನಿಂದ ಬಾಗಿಲು ಹಾಕಿಕೊಳ್ಳುತ್ತಾರೆ. ಮಂಡಿ ಊರುವುದು ಹೇಗೋ ಆಗುತ್ತದೆ. ಏಳುವುದಕ್ಕೆ ಹತ್ತು ನಿಮಿಷ. ನಾಯಿಯ ಹಾಗೆ ನಾಲ್ಕೂ ಊರಿ ತೆವಳಿಕೊಂಡು, ಗೋಡೆಗೆ ಒರಗಿಸಿದ ಗದೆಗಳ ಹತ್ತಿರ ಹೋಗಿ, ಅವನ್ನು ಹಿಡಿದು ಎದ್ದು, ಮೈ ಒರೆಸಿಕೊಂಡು, ಬಾಗಿಲು ತೆಗೆಯುತ್ತಾರೆ. ಎಲ್ಲರೂ ಬಂದಾಗ, ಮಣ್ಣು ಎತ್ತಿ ಆಯಿತು, ಇಳೀರಿ ಎನ್ನುತ್ತಾರೆ.

"ಹೊಸಾ ಮಂಡಿ ಹಾಕಿದ್ರೆ ಊರಂಗಿಲ್ಲ ಅಂದ್ಳಲ್ಲ ಡಾಕ್ಟ್ರಮ್ಮ. ಮಣ್ಣು ಎತ್ತಕ್ಕಾಗ್ದೋನು ಗರಡಿಗೆ ಯಾವ ಮುಖ ಇಟ್ಕೊಂಡು ಹೋಗ್ಲಿ?"

 ಆಪರೇಷನ್ನಿನ ಕತ್ತಿಗೆ ಹೆದರುತ್ತಾರೆ ಎಂದುಕೊಂಡು ಇಷ್ಟು ದಿನ ಧೈರ್ಯ ತುಂಬಿದ್ದೆ. ಯಾರ್ಯಾರೋ ಆಪರೇಷನ್ ಮಾಡಿಸಿಕೊಂಡು ಓಡಾಡುವ ವೀಡಿಯೋಗಳನ್ನು ಫೋನಿಗೆ ಕಳಿಸಿದ್ದೆ. ನನ್ನ ನಲವತ್ತು ಪ್ರಶ್ನೆಗಳಲ್ಲಿ ಗರಡಿ ಇರಲಿಲ್ಲ. ಎಲ್ಲ ಅಪಾಯಗಳನ್ನೂ ಮುಂಚೆಯೇ ಊಹಿಸಬಲ್ಲೆ ಎಂದು ಬೀಗುವವನಿಗೆ, ಒಂದೇ ಮನೆಯಲ್ಲಿ ಒಂದೇ ಸಾರು ಉಣ್ಣುವ ಮನುಷ್ಯ ಯಾವುದಕ್ಕೆ ಹೆದರಿದ್ದಾನೆ ಎಂಬುದು ಗೊತ್ತಿರಲಿಲ್ಲ. ಶೈಲಜಾ ನನ್ನ ಮುಂಗೈ ಒತ್ತಿದಳು. ಏನೂ ಹೇಳಬೇಡಿ ಎಂದು. 

ಅಷ್ಟರಲ್ಲಿ ಒಂದು ಕುಸ್ತಿಯಲ್ಲಿ ಇಬ್ಬರೂ ಒಟ್ಟಿಗೆ ಗೆರೆಯಾಚೆ ಉರುಳಿದರು. ಮೇಲಿದ್ದ ರೆಫರಿ ಒಬ್ಬನ ಕಡೆ ಬೀಸಣಿಗೆ ತೋರಿಸಿ ಅವನೇ ಗೆದ್ದನೆಂದ. ಕೆಳಗೆ ಕೂತಿದ್ದ ತೀರ್ಪುಗಾರರೊಬ್ಬರು ಕೈಯೆತ್ತಿದರು. ಜನ ಗುಜುಗುಟ್ಟಿದರು. ಜಗಲಿಯ ಸುತ್ತ ಕಪ್ಪು ನಿಲುವಂಗಿ ತೊಟ್ಟ ಐದು ಜನ ಕೂತಿರುತ್ತಾರೆ, ಅವರೂ ಹಳೆಯ ಪೈಲ್ವಾನರೇ. ತೀರ್ಪಿನಲ್ಲಿ ಅನುಮಾನ ಬಂದರೆ ಐವರೂ ಮೇಲೆ ಹತ್ತಿ ನಡುವೆ ನಿಂತು ಮಾತಾಡಿಕೊಳ್ಳಬೇಕು. ನಾನು ಇದನ್ನೆಲ್ಲ ಅಪ್ಪನಿಗೆ ಹೇಳುತ್ತಿದ್ದೆ. ಅಪ್ಪ ಕೇಳುತ್ತಿರಲಿಲ್ಲ.

ನಾಲ್ವರು ಹತ್ತಿದ್ದರು. ನಮ್ಮ ಬದಿಯಲ್ಲಿ ಕೂತಿದ್ದ ಐದನೆಯವನು ಇನ್ನೂ ಕೆಳಗಿದ್ದ. ವಯಸ್ಸಾದವನು, ದಪ್ಪ ಕುತ್ತಿಗೆ. ಒಂದು ಕಾಲೆತ್ತಿ ಜಗಲಿಯಂಚಿನ ಮೆಟ್ಟಿಲ ಮೇಲಿಡಲು ನೋಡಿದ, ಮಂಡಿ ಮಡಿಚಲಿಲ್ಲ. ಇನ್ನೊಂದು ಕಾಲು ನೋಡಿದ. ಆಮೇಲೆ ಅವಸರವಿಲ್ಲದೆ ಎರಡೂ ಅಂಗೈಗಳನ್ನು ಮಣ್ಣಿನ ಮೇಲೆ ಊರಿದ. ತೋಳಿನ ಬಲದಲ್ಲಿ ಮೈಯನ್ನು ಮೇಲೆಳೆದುಕೊಂಡ. ಒಂದು ಕ್ಷಣ ಅಷ್ಟು ಸಾವಿರ ಜನರ ಮುಂದೆ ಕೈಕಾಲು ನಾಲ್ಕೂ ನೆಲದ ಮೇಲಿದ್ದವು. ಅಲ್ಲಿಂದ ಒಂದೊಂದೇ ಕಾಲು ಸರಿಪಡಿಸಿಕೊಂಡು ನೆಟ್ಟಗೆ ನಿಂತ, ಕೈಯ ಮಣ್ಣು ಕೊಡವಿದ, ನಾಲ್ವರ ಬಳಿಗೆ ನಡೆದ. ಯಾರೂ ಅವನಿಗೆ ಕೈ ನೀಡಲಿಲ್ಲ, ಯಾರೂ ನಗಲಿಲ್ಲ. ಗೆದ್ದವನು, ಸೋತವನು, ರೆಫರಿ, ಮೇಲಿನ ನಾಲ್ವರು, ಬಿಯರ್ ಕುಡಿಯುತ್ತಿದ್ದ ಪಕ್ಕದ ಚೌಕದವರು, ಎಲ್ಲರೂ ಆತ ಬಂದು ಸೇರಲಿ ಎಂದು ನಿಂತಿದ್ದರು. ಆತ ಸೇರಿದ ಮೇಲೆ ತಲೆಗಳು ಹತ್ತಿರವಾದವು.

ಮತ್ತೊಮ್ಮೆ ಕಾದಾಡಬೇಕೆಂದು ತೀರ್ಪಾಯಿತು. ಭವನವೇ ಎದ್ದು ಕೂಗಿತು. ಆ ಎರಡನೆಯ ಕುಸ್ತಿ ಬಹಳ ಚೆನ್ನಾಗಿತ್ತು ಎಂದು ಶೈಲಜಾ ಈಗಲೂ ಹೇಳುತ್ತಾಳೆ. ಅಪ್ಪ ಅದನ್ನು ನೋಡಲೇ ಇಲ್ಲ. ಕೆಳಗಿಳಿದು ತನ್ನ ದಿಂಬಿನ ಮೇಲೆ ಕೂರಲು ಹೆಣಗುತ್ತಿದ್ದ ಆ ತೀರ್ಪುಗಾರನನ್ನೇ ನೋಡುತ್ತಿದ್ದರು. ಅವನು ಕೂತ ಮೇಲೆ, "ಅವ್ನಿಗೋಸ್ಕರ ಕಾದ್ರು ಕಣೋ ಎಲ್ರೂ" ಎಂದರು. ನಾನು ಹೂಂ ಎಂದೆ. ನನ್ನ ಹೂಂ ಅವರಿಗೆ ಬೇಕಿರಲಿಲ್ಲ.

ದೊಡ್ಡ ಪೈಲ್ವಾನರ ಕುಸ್ತಿಗಳೂ ಮುಗಿದವು. ಕೊನೆಗೆ ಅಲ್ಲಿಯ ಪದ್ಧತಿಯಂತೆ ಒಬ್ಬ ಪೈಲ್ವಾನ ಬಿಲ್ಲು ಹಿಡಿದು ತಿರುಗಿಸಿ ತೋರಿಸಿದ. ಜನ ಎದ್ದು ಚಪ್ಪಲಿ ಹುಡುಕತೊಡಗಿದರು. ಎಲ್ಲರೂ ಹೋಗಲಿ, ಆಮೇಲೆ ನಾವು ಏಳೋಣ ಎಂದು ನಾನು ಅಭ್ಯಾಸಬಲದಿಂದ ಕೈಗಡಿಯಾರ ನೋಡುತ್ತಾ ಕೂತೆ. ಆದರೆ ಅಪ್ಪ ದಿಂಬಿನ ಮೇಲೆ ಪಕ್ಕಕ್ಕೆ ತಿರುಗಿದರು. ಎರಡೂ ಅಂಗೈ ನೆಲಕ್ಕೆ ಊರಿದರು. ಚೌಕಗಳ ನಡುವಿನ ಓಣಿಯಲ್ಲಿ ಜನ ಸಾಲಾಗಿ ಬರುತ್ತಿದ್ದರು. ಮುಂದಿದ್ದ ಹೆಂಗಸೊಬ್ಬರು ನಿಂತರು, ಅವರ ಹಿಂದಿನವರೂ ನಿಂತರು. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಶೈಲಜಾ ಅದನ್ನು ಹಿಡಿದು ತನ್ನ ಮಡಿಲಲ್ಲಿಟ್ಟುಕೊಂಡಳು. ಅಪ್ಪ ನಾಲ್ಕು ಕಾಲಿನಲ್ಲಿ ನಿಂತು ಒಮ್ಮೆ ಉಸಿರು ತೆಗೆದುಕೊಂಡರು. ಬಲಗಾಲು, ಪೈಪು, ಎಡಗಾಲು. ಬಹಳ ಹೊತ್ತು ಹಿಡಿಯಿತು. ನನ್ನ ಲೆಕ್ಕದಲ್ಲಿ ಎರಡು ನಿಮಿಷ, ನನ್ನ ಹೃದಯದ ಲೆಕ್ಕದಲ್ಲಿ ಒಂದು ಪಂದ್ಯಾವಳಿ. ಎದ್ದು ನಿಂತು ಪಂಚೆ ಸರಿಮಾಡಿಕೊಂಡು, ಕಾದು ನಿಂತಿದ್ದವರಿಗೆ ಕೈಮುಗಿದರು. ಅವರು ಬಾಗಿ ವಂದಿಸಿ ಮುಂದೆ ಹೋದರು.

"ಲೋ," ಎಂದರು ಅಪ್ಪ, ಚಪ್ಪಲಿಗೆ ಕಾಲು ತೂರಿಸುತ್ತಾ. "ಮಣ್ಣು ಹೆಂಗೋ ಎತ್ತುದ್ರಾಯ್ತು, ಕಾಯ್ತಾರೆ ಹುಡುಗ್ರು. ಮೊದ್ಲು ಯಾವ ಮಂಡಿ ಮಾಡ್ತಾರಂತೆ? ಎಡದ್ದೋ, ಬಲದ್ದೋ?"

ನಲವತ್ತು ಪ್ರಶ್ನೆ ಕೇಳಿ ಬಂದವನು ನಾನು. ಇದೊಂದನ್ನು ಕೇಳಿರಲಿಲ್ಲ.

"ಗೊತ್ತಿಲ್ಲಪ್ಪ" ಎಂದೆ.